ತಿಳಿನೀರಿಗೆ ಅಂಜುತ್ತಿದ್ದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಯಾವ ಫೋಟೋದಲ್ಲೂ ಮುಂದಿನ ಸಾಲಿಗೆ ಬಾರದವರು ಅವರು. ಹೆಸರು ಅಚ್ಚಾಗಿದೆ ಎಂದರೆ ಈಗ ಎಲ್ಲಿದ್ದರೂ ಎದೆ ಹಿಡಿದುಕೊಂಡು ಕೂತಾರು. ನಾವು ಅವರನ್ನು ಎದುರಿಗೆ ಮೇಡಂ ಎನ್ನುತ್ತಿದ್ದೆವು, ಬೆನ್ನ ಹಿಂದೆ ಅಂಜುಬುರುಕ ಮೇಡಂ ಎನ್ನುತ್ತಿದ್ದೆವು. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಲ್ಯಾಬಿಗೆ ಯಾರಾದರೂ ನೀರಿನ ಬಾಟಲಿ ತಂದು ಮೇಜಿನ ಮೇಲಿಟ್ಟರೆ ನನ್ನ ಕಣ್ಣು ಮೊದಲು ಹೋಗುವುದು ಬಾಟಲಿಯ ಕಡೆಗಲ್ಲ, ತಂದವರ ಅಂಗೈ ಕಡೆಗೆ. ಇದು ಅವರಿಂದ ನನಗೆ ಹತ್ತಿದ ಚಟ.

ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮದೊಂದು ಸಣ್ಣ ಖಾಸಗಿ ಲ್ಯಾಬು. ನೀರು ಪರೀಕ್ಷೆ ಮಾಡುವುದೇ ಕಸುಬು. ನೀರಿನಲ್ಲಿ ಕಬ್ಬಿಣ ಇದ್ದರೆ ಅಕ್ಕಿಯ ಬಿಳುಪು ಕೆಡುತ್ತದೆಂದು ಗಿರಣಿಯವರು ಬರುತ್ತಾರೆ. ಕುಡಿಯುವ ನೀರಿಗೆ ಪಂಚಾಯ್ತಿಯವರು ಬರುತ್ತಾರೆ. ಮೇಡಂ ಅಲ್ಲಿ ಹಿರಿಯ ಕೆಮಿಸ್ಟ್, ನಾನು ಅವರ ಕೈಕೆಳಗೆ. ಅವರಿಗೆ ಅಂಜಿಕೆ ಇಲ್ಲದ ವಸ್ತು ಯಾವುದಿತ್ತು ಎಂದು ಹೇಳುವುದೇ ಕಷ್ಟ. ಹಲ್ಲಿಗೆ ಅಂಜುತ್ತಿದ್ದರು, ಗುಡುಗಿಗೆ ಅಂಜುತ್ತಿದ್ದರು, ಸ್ಕೂಟರಿನ ಹಿಂದಿನ ಸೀಟಿಗೆ ಅಂಜುತ್ತಿದ್ದರು. ಆದರೆ ಇವೆಲ್ಲ ಚಿಲ್ಲರೆ ಅಂಜಿಕೆಗಳು. ಅವರ ದೊಡ್ಡ ಅಂಜಿಕೆ ತಿಳಿನೀರಿನದು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮುಂಜಾನೆ ಮೇಡಂ ಬೋರಿಂಗಿನಿಂದ, ಅಂದರೆ ನಮ್ಮ ಕಡೆ ಕೈಪಂಪಿನಿಂದ, ಆಗಷ್ಟೇ ಹಿಡಿದು ತಂದ ನೀರನ್ನು ಗಾಜಿನ ಲೋಟಕ್ಕೆ ಸುರಿದು ಕಿಟಕಿಯಲ್ಲಿಟ್ಟರು.

"ಏನ್ ಕಾಣಾಕತ್ತದ?"

"ಏನಿಲ್ರೀ ಮೇಡಂ. ಭಾಳ ತಿಳಿ ಅದ."

"ಊಟದ ಹೊತ್ತಿಗೆ ಇನ್ನೊಮ್ಮೆ ನೋಡು."

ಊಟದ ಹೊತ್ತಿಗೆ ಲೋಟದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಸಂಜೆಗೆ ಮೇಲಿನದು ಮತ್ತೆ ತಿಳಿಯಾಗಿ, ತಳದಲ್ಲಿ ಕೆಂಪು ಗಸಿ ಕೂತಿತ್ತು. ಪುಸ್ತಕದಲ್ಲಿ ಇದನ್ನು ನಾನೂ ಓದಿದ್ದೆ. ಭೂಮಿಯ ಒಳಗೆ ಗಾಳಿ ಇಲ್ಲದ ಕಡೆ ಕಬ್ಬಿಣ ನೀರಿನಲ್ಲಿ ಕರಗಿರುತ್ತದೆ, ಆಗ ಅದಕ್ಕೆ ಬಣ್ಣವೇ ಇಲ್ಲ. ಮೇಲೆ ಬಂದು ಗಾಳಿ ತಾಗಿದ ಮೇಲೆ ಅದು ಬೇರೊಂದು ರೂಪಕ್ಕೆ ತಿರುಗುತ್ತದೆ. ಆ ರೂಪ ನೀರಿನಲ್ಲಿ ನಿಲ್ಲಲಾರದು, ಕೆಂಪಾಗಿ ತಳಕ್ಕೆ ಬೀಳುತ್ತದೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ತಿ ಅಂಕ. ಮೇಡಂ ಅದಕ್ಕೆ ಇನ್ನೊಂದು ಮಾತು ಸೇರಿಸಿದರು.

"ಬೀಳೋ ಮುಂದ ಅದು ಒಂದ ಬೀಳಂಗಿಲ್ಲ ಬೇ. ನೀರಾಗ ಪಾಷಾಣ ಇತ್ತಂದ್ರ ಅದನ್ನೂ ತೆಕ್ಕಿಗಿ ಹಾಕ್ಕೊಂಡು ಬೀಳತದ. ಮ್ಯಾಲಿನ ನೀರು ಚಲೋ ಆಗತದ, ತಳದ ಗಸಿ ಕೆಡತದ. ಕೆಂಪು ನೀರು ತನ್ನ ಗುಣ ತಾನ ಹೇಳತದ. ತಿಳಿನೀರು ಬಾಯಿ ಬಿಡಂಗಿಲ್ಲ. ಅದಕ್ಕ ಅಂಜಬೇಕು."

ಪಾಷಾಣ ಎಂದರೆ ಆರ್ಸೆನಿಕ್. ನಮ್ಮ ಕಡೆಯ ಕೆಲವು ಬೋರುಗಳಲ್ಲಿ ಅದು ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ.

ಹೊರಗೆ ಎಲ್ಲಿ ಹೋದರೂ ಮೇಡಂ ತಮ್ಮ ನೀರನ್ನು ತಾವೇ ಒಯ್ಯುತ್ತಿದ್ದರು. ಗುಂಜಹಳ್ಳಿಯಲ್ಲಿ ನಮ್ಮ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಹೋದಾಗ ಬಗಲಿಗೆ ಒಂದು ದೊಡ್ಡ ಕ್ಯಾನು ಹಾಕಿಕೊಂಡು ಪಂಕ್ತಿಯಲ್ಲಿ ಕೂತರು. ಬೀಗರ ಕಡೆಯವರು ಇವರನ್ನು ಅಡುಗೆಯವರೆಂದು ತಿಳಿದು "ಎಣ್ಣಿ ತಂದೀರೇನ್ರೀ?" ಎಂದು ಕೇಳಿದರು. ಇನ್ನೊಂದು, ಅವರು ಸದಾ ಬಿಳಿ ನೂಲಿನ ಕೈಗವಸು ಹಾಕಿರುತ್ತಿದ್ದರು. ಲ್ಯಾಬಿನಲ್ಲಿ ಸರಿ, ಆಸಿಡ್ ಕೆಲಸ. ಇವರು ಬಸ್ಸಿನಲ್ಲೂ ತೆಗೆಯುತ್ತಿರಲಿಲ್ಲ, ಗುಡಿಯಲ್ಲೂ ತೆಗೆಯುತ್ತಿರಲಿಲ್ಲ. ಪ್ರಸಾದವನ್ನು ಕರವಸ್ತ್ರದಲ್ಲಿ ಹಿಡಿಯುತ್ತಿದ್ದರು. ಜೋಳದ ರೊಟ್ಟಿಯನ್ನು ಚಮಚದಲ್ಲಿ ಮುರಿದು ತಿನ್ನುವ ಮನುಷ್ಯರೆಂದು ನಾನು ಕಂಡಿದ್ದು ಅವರೊಬ್ಬರನ್ನೇ. ಮೇಡಮ್ಮಿಗೆ ಮಡಿ ಜಾಸ್ತಿ ಎಂದು ಕೆಲವರು, ಸೊಕ್ಕು ಜಾಸ್ತಿ ಎಂದು ಕೆಲವರು ಆಡಿಕೊಳ್ಳುತ್ತಿದ್ದರು. ನಾನೂ ನಕ್ಕಿದ್ದೇನೆ.

ತಮ್ಮ ಕೈ ತೋರಿಸದವರು ಬೇರೆಯವರ ಕೈಯನ್ನು ಮಾತ್ರ ಬಿಡುತ್ತಿರಲಿಲ್ಲ. ಬಾಟಲಿ ತಂದವರು ಯಾರೇ ಇರಲಿ, "ಅಂಗೈ ತೋರಸ್ರಿ" ಎನ್ನುತ್ತಿದ್ದರು. ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಒತ್ತಿ, ಹೊರಳಿಸಿ ನೋಡುತ್ತಿದ್ದರು. ಮೇಡಂ ಭವಿಷ್ಯ ಹೇಳುತ್ತಾರೆಂದು ಸುದ್ದಿ ಹಬ್ಬಿತು. ಗಿರಣಿ ಮಾಲೀಕರೊಬ್ಬರು ತಾವೇ ಬಂದು ಕೈ ಚಾಚಿದರು.

"ಈ ವರ್ಷ ಇನ್ನೊಂದು ಗಿರಣಿ ಯೋಗ ಅದ ಏನ್ರೀ ಮೇಡಂ?"

"ಕೈ ಭಾಳ ಮೆತ್ತಗ ಅದಾವ ಧಣೇರ. ಈಗಿರೋ ಗಿರಣಿ ಯಾರು ನಡಸ್ತಾರ್ರೀ?"

ಅವರು ಹುಡುಕುತ್ತಿದ್ದುದು ಸಣ್ಣ ಗಂಟುಗಳನ್ನು. ಪಾಷಾಣದ ನೀರು ಬಹಳ ಕಾಲ ಕುಡಿದವರ ಅಂಗೈಯಲ್ಲಿ ಜೋಳದ ಕಾಳಿನಂಥ ಗಡಸು ಗಂಟು ಏಳುತ್ತವೆ. ಒಮ್ಮೊಮ್ಮೆ ನೀರು ಬಿಟ್ಟು ಎಷ್ಟೋ ವರ್ಷದ ಮೇಲೆ ಏಳುತ್ತವೆ. ದುಡಿಯುವವರ ಕೈಯಲ್ಲಿ ಹೇಗೂ ಗಂಟು ಇರುತ್ತವಲ್ಲ ಮೇಡಂ, ಎರಡನ್ನೂ ಬೇರೆ ಮಾಡುವುದು ಹೇಗೆ ಎಂದು ನಾನು ಕೇಳಿದ್ದೆ.

"ಕುಡುಗೋಲು ಮುಟ್ಟೋ ಕಡಿ ಎದ್ದಿದ್ದು ದುಡಿಮಿ. ಕುಡುಗೋಲು ಮುಟ್ಟದ ಕಡಿ ಎದ್ದಿದ್ದು ನೀರು," ಎಂದಿದ್ದರು. ಅಂಗೈಯ ನಡುವಿನ ಗುಳಿಯನ್ನು ನನ್ನ ಕೈಯಲ್ಲೇ ಒತ್ತಿ ತೋರಿಸಿದ್ದರು.

ನನ್ನ ತಂಗಿ ಶರಣಮ್ಮನನ್ನು ಮಾನ್ವಿ ಕಡೆಯ ಒಂದು ಊರಿಗೆ ಕೊಟ್ಟಿದೆ. ಕಲ್ಲೂರು ದಾಟಿ ಹೋಗಬೇಕು. ಊರಿನ ಹೆಸರನ್ನೂ ಬರೆಯುವುದಿಲ್ಲ, ಕಾರಣ ಮುಂದೆ ಹೇಳುತ್ತೇನೆ. ಮದುವೆಯಾಗಿ ಬಹಳ ವರ್ಷ ಅವಳಿಗೆ ಮಕ್ಕಳಾಗಿರಲಿಲ್ಲ. ಹರಕೆ ಹೊತ್ತು, ದವಾಖಾನೆ ತಿರುಗಿ, ಕೊನೆಗೆ ಬಸಿರು ನಿಂತಿತ್ತು. ಅವಳು ತುಂಬಿದ ಕೊಡ ಎತ್ತಿದಳೆಂದು ಫೋನಿನಲ್ಲಿ ತಿಳಿದರೂ ನನಗೆ ಇಲ್ಲಿ ಊಟ ಸೇರುತ್ತಿರಲಿಲ್ಲ.

ಆಗಲೇ ಆ ಊರಿನ ವಾಟರ್‌ಮನ್ ಒಂದು ಬಾಟಲಿ ನೀರು ತಂದ. ಬೋರಿಂಗಿನ ನೀರು ಕೆಂಪಾಗಿ ಬರುತ್ತದೆಂದು ಊರವರ ದೂರು, ಪಂಚಾಯ್ತಿ ಕಳಿಸಿತ್ತು. ನಾನೇ ಪರೀಕ್ಷೆ ಮಾಡಿದೆ. ಕಬ್ಬಿಣವಿದ್ದರೆ ಕಿತ್ತಳೆ ಬಣ್ಣ ಬರಬೇಕಾದ ನಳಿಕೆಯಲ್ಲಿ ಬಣ್ಣವೇ ಬರಲಿಲ್ಲ. ಆರ್ಸೆನಿಕ್ಕೂ ಇಲ್ಲ. ನನಗೆ ಖುಷಿಯೋ ಖುಷಿ. ವರದಿ ಬರೆದು ಸಹಿಗೆ ಒಯ್ದೆ. ಮೇಡಂ ವರದಿ ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ವಾಟರ್‌ಮನ್ನನ್ನು ನೋಡಿದರು.

"ಯಪ್ಪಾ, ನಿನ್ನ ಬನಿಯನ್ ಯಾವ ನೀರಾಗ ಒಗೀತಾರ?"

"ಅದ ಬೋರಿಂಗ್ ನೀರಾಗ್ರೀ."

ಅವನ ಬನಿಯನ್ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಮೇಡಂ ಪೆನ್ನನ್ನು ಕೆಳಗಿಟ್ಟರು.

"ಬನಿಯನ್ ಕೆಂಪಾಗ್ಯದ, ನೀರಾಗ ಏನೂ ಇಲ್ಲ. ಹಂಗಾರ ಕೆಂಪು ಎಲ್ಲಿ ಹೋತು?"

ಬಾಟಲಿ ಕೊಡುವಾಗ ನಾವು ಅದರಲ್ಲಿ ಎರಡು ಹನಿ ಆಸಿಡ್ ಹಾಕಿರುತ್ತೇವೆ, ಕಬ್ಬಿಣ ಕರಗಿದಂತೆಯೇ ಉಳಿಯಲಿ ಎಂದು. ಆಸಿಡ್ ಇತ್ತು. ಅಂದರೆ ಬಾಟಲಿಗೆ ಬೀಳುವ ಮೊದಲೇ ಕೆಂಪು ಎಲ್ಲಿಯೋ ಉಳಿದುಕೊಂಡಿತ್ತು. ನೀರು ಎಲ್ಲಿಂದ ತುಂಬಿದೆ ಎಂದು ಕೇಳಿದರೆ ಅವನು ನನ್ನ ಕಡೆ ತಿರುಗಿ ನಕ್ಕ.

"ನಿಮ್ಮ ತಂಗಿಯವರ ಮನ್ಯಾಗಿಂದ ರೀ. ಅವರ ತುಂಬಿ ಕೊಟ್ರು."

ಮೇಡಂ ನನ್ನ ಮುಖ ನೋಡಿದರು. "ಆಕಿ ಬಸುರಿ ಅಲ್ಲೇನು?" ಎಂದರು. ನಾನು ವರದಿಯನ್ನು ಹಿಂದಕ್ಕೆ ತೆಗೆದುಕೊಂಡೆ.

ಮರುದಿನ ಮುಂಜಾನೆಯ ಬಸ್ಸಿಗೆ ಹೊರಟೆವು. ದಾರಿಯುದ್ದಕ್ಕೂ ಮೇಡಂ ಕಿಟಕಿಯ ಸರಳು ಹಿಡಿದು ಕೂತಿದ್ದರು. ಕುರ್ಡಿ ಕ್ರಾಸಿನಲ್ಲಿ ಒಬ್ಬ ಹೆಂಗಸು ಕೈಗೂಸಿಗೆ ಬಾಟಲಿಯಿಂದ ನೀರು ಕುಡಿಸುತ್ತಿದ್ದಳು. ಅದನ್ನು ಕಂಡು ಇವರು ಮುಖ ಹೊರಳಿಸಿದರು. ಧೈರ್ಯ ಹೇಳುತ್ತಾರೇನೋ ಎಂದು ನಾನು ಕಾದೆ. ಅವರ ಹತ್ತಿರ ಇಲ್ಲದ ಸಾಮಾನು ಅದು, ಎಲ್ಲಿಂದ ಕೊಟ್ಟಾರು?

ಶರಣಮ್ಮ ಬಾಗಿಲಿಗೇ ಬಂದಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ಬಿಳಚಿಕೊಂಡಿತ್ತು. ತಂಬಿಗೆಯಲ್ಲಿ ನೀರು ತಂದಿಟ್ಟಳು.

"ಶರಣಮ್ಮ, ಆ ಬಾಟಲಿಗೆ ಯಾವ ನೀರು ತುಂಬಿದ್ದಿ?" ಮೇಡಂ ಕೇಳಿದರು.

"ನಿನ್ನಿ ಸೋಸಿಟ್ಟಿದ್ದು ರೀ. ಕೊಡದಾಗ ಒಂದಿನ ಇಟ್ರ ಕೆಂಪು ತಳಕ್ಕ ಕುಂದರತದ. ಮ್ಯಾಲಿಂದು ಧೋತರದಾಗ ಸೋಸಿ ಕುಡೀತೀವಿ. ಅಕ್ಕನ ಕೈಗಿ ಹೋಗೋ ನೀರು, ಕೆಂಪಂದು ಹ್ಯಾಂಗ ಕೊಡೋದ್ರೀ? ಮನಿ ಮರ್ಯಾದಿ ಏನ್ ಉಳೀತದ?"

ನಮ್ಮ ಕಡೆ ಹೊರಗಿನವರಿಗೆ ಗಸಿ ನೀರು ಕೊಡುವವರಿಲ್ಲ. ಮನೆಯವರು ಯಾವುದನ್ನಾದರೂ ಕುಡಿದಾರು, ಬಂದವರಿಗೆ ತಿಳಿಯಾದದ್ದೇ ಆಗಬೇಕು. ಪರೀಕ್ಷೆಗೆ ಹೋಗುವ ಬಾಟಲಿಯನ್ನೂ ನನ್ನ ತಂಗಿ ಬೀಗರಂತೆ ಉಪಚರಿಸಿ ಕಳಿಸಿದ್ದಳು. ಮೇಡಂ ಉಸಿರು ಬಿಟ್ಟರು.

"ಚಲೋ ಮಾಡೀರಿ ಯವ್ವಾ. ಕುಡಿಯಾಕ ಅದ ಬರೋಬ್ಬರಿ," ಎಂದರು. ನನ್ನ ಎದೆಯೂ ಹಗುರಾಯಿತು. ಆದರೆ ಅವರು ಏಳಲಿಲ್ಲ. "ಮತ್ತ ತಳದ ಗಸಿ ಎಲ್ಲಿ ಹೋಗತದ?"

ಒಳಗಿನಿಂದ ಶರಣಮ್ಮನ ಅತ್ತೆ ನಗುತ್ತ ಹೇಳಿದರು. "ಅರ್ಧ ಹೊಸ್ತಲಕ್ಕ ಹೋಗತದ, ಅರ್ಧ ನಿಮ್ಮ ಹುಡುಗಿ ಹೊಟ್ಟಿಗಿ ಹೋಗತದ."

ಹೊಸ್ತಿಲಿಗೆ, ಗೋಡೆಯ ಅಂಚಿಗೆ ಆ ಗಸಿಯನ್ನೇ ಕೆಮ್ಮಣ್ಣಿನಂತೆ ಪಟ್ಟಿ ಬಳಿದಿತ್ತು. ಅಂಗಳದಲ್ಲಿ ತಗಡಿನ ಮೇಲೆ ಗಸಿ ತಟ್ಟಿ ಮಾಡಿದ ಕೆಂಪು ಬಿಲ್ಲೆಗಳು ಒಣಗುತ್ತಿದ್ದವು. ಶರಣಮ್ಮ ನಾಚಿಕೊಂಡು ಸೆರಗಿನ ಗಂಟು ಬಿಚ್ಚಿದಳು. ಅದರಲ್ಲೂ ಎರಡು ಬಿಲ್ಲೆ.

"ಬಯಕಿ ರೀ ಮೇಡಂ. ಬ್ಯಾರೆ ಮಣ್ಣು ಬಾಯಿಗಿ ಹತ್ತವಲ್ದು. ಇದು ನಾಲಗಿ ಮ್ಯಾಲೆ ಕರಗತದ. ದವಾಖಾನ್ಯಾಗ ರಕ್ತ ಕಮ್ಮಿ ಅದ, ಕಬ್ಬಿಣದ ಗುಳಗಿ ತಗೋ ಅಂದ್ರು. ಗುಳಗಿಗಿ ವಾಂತಿ ಬರತದ. ಇದರಾಗೂ ಕಬ್ಬಿಣನ ಅದ ಅಲ್ರೀ?"

ಮೇಡಂ ಚೀಲದಿಂದ ಪರೀಕ್ಷೆಯ ಪೆಟ್ಟಿಗೆ ತೆಗೆದರು. ಶೀಶೆಗಳ ಮುಚ್ಚಳವನ್ನು ನಾನು ಬಿಚ್ಚಿದೆ. ಒಂದು ಶೀಶೆಗೆ ಸೋಸಿದ ನೀರು, ಒಂದಕ್ಕೆ ಬೋರಿಂಗಿನಿಂದ ಆಗಲೇ ಹಿಡಿದ ನೀರು, ಇನ್ನೊಂದಕ್ಕೆ ಬಿಲ್ಲೆಯ ಚೂರನ್ನು ಕರಗಿಸಿದ ನೀರು. ಪುಡಿ ಹಾಕಿ, ಮೇಲೆ ಒಂದೊಂದು ಬಿಳಿ ಕಾಗದ ಮುಚ್ಚಿದೆವು. ಪಾಷಾಣವಿದ್ದರೆ ಕಾಗದ ಬಣ್ಣ ತಿರುಗಬೇಕು. ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಸೋಸಿದ ನೀರಿನ ಕಾಗದ ಬೆಳ್ಳಗೇ ಉಳಿಯಿತು. ಬೋರಿಂಗಿನದು ಹಳದಿಯಾಯಿತು. ಬಿಲ್ಲೆಯದು ನೋಡನೋಡುತ್ತ ಕಂದು ಬಣ್ಣಕ್ಕೆ ತಿರುಗಿತು.

ನಾನು ತಂಗಿಯ ಕೈಯಿಂದ ಬಿಲ್ಲೆ ಕಿತ್ತುಕೊಳ್ಳಲು ಹೋದೆ. ಅವಳು ಮುಷ್ಟಿ ಬಿಗಿದಳು.

"ಕಾಗದ ಬಣ್ಣ ಆದ್ರ ಏನಾತು ಯಕ್ಕಾ? ಸಾಯಂಗಿದ್ರ ಇಷ್ಟೊತ್ತಿಗಿ ಸತ್ತಿರತಿದ್ದೆ. ಇದನ್ನ ತಿಂದ ಮ್ಯಾಲ ನನಗ ಹಗುರ ಅನಸತದ. ಬಸುರಿ ಬಯಕಿ ಕಸಗೋಬ್ಯಾಡ."

ಆಗ ಮೇಡಂ ತಮ್ಮ ಕೈಗವಸು ಬಿಚ್ಚಿದರು. ಬೆರಳು ಬೆರಳು ಎಳೆದು, ನಿಧಾನವಾಗಿ. ಎರಡೂ ಅಂಗೈಯನ್ನು ಶರಣಮ್ಮನ ಮಡಿಲ ಮೇಲೆ ಚಾಚಿದರು. ಅಷ್ಟು ವರ್ಷ ಅವರ ಪಕ್ಕದಲ್ಲೇ ಕೂತು ಕೆಲಸ ಮಾಡಿದ ನಾನೂ ಮೊದಲ ಸಲ ಅವನ್ನು ಕಂಡೆ. ಅಂಗೈ ತುಂಬ ಗಂಟು. ನಡುವಿನ ಗುಳಿಯಲ್ಲೂ ಗಂಟು. ಕೆಲವು ಒಡೆದು ಬಿರಿದಿದ್ದವು. ನನಗೆ ಹೆದರಿಕೆಯಾಯಿತು. ಹೆದರಿದ್ದಕ್ಕೆ ನಾಚಿಕೆಯೂ ಆಯಿತು.

"ನಾ ದೇವದುರ್ಗದ ಕಡಿಯಾಕಿ. ಸಣ್ಣಾಕಿದ್ದಾಗ ಹಿಂಗ ಬಿಳಚಿಕೊಂಡಿದ್ದೆ," ಎಂದರು. "ಗಡಿಗಿ ಗಸಿಯೊಳಗ ಕಬ್ಬಿಣ ಅದ, ತಿಂದ್ರ ರಕ್ತ ಆಗತದ ಅಂತ ಯಾರೋ ಹೇಳಿದ್ರು. ನಮ್ಮವ್ವ ಬೆಲ್ಲ ಹಚ್ಚಿ ತಿನಸಾಕತ್ತಿದಳು. ಕಬ್ಬಿಣ ಇತ್ತು, ಸುಳ್ಳಲ್ಲ. ಅದರ ಕೂಡ ಇನ್ನೇನಿತ್ತು ಅಂತ ಆಕಿಗಿ ಹೇಳೋರ್ಯಾರು? ನಮ್ಮವ್ವ ಕೆಟ್ಟಾಕಿ ಅಲ್ಲ ತಂಗಿ."

ಮತ್ತೆ ಅವರೇ ಹೇಳಿದರು. "ನನಗ ಮಕ್ಕಳಾಗಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಅದನೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದು ನಾ ಹೇಳಂಗಿಲ್ಲ. ಈ ಕೈ ಮಾತ್ರ ಖರೇ."

ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಶರಣಮ್ಮ ಒಂದು ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ತನ್ನ ಮುಷ್ಟಿ ಬಿಚ್ಚಿ, ಎರಡೂ ಬಿಲ್ಲೆಗಳನ್ನು ಅದೇ ಅಂಗೈಯಲ್ಲಿಟ್ಟಳು. ಅತ್ತೆ ಅಂಗಳದ ತಗಡನ್ನು ಎತ್ತಿಕೊಂಡು ಹೋಗಿ ಅದರ ಮೇಲಿದ್ದುದನ್ನೆಲ್ಲ ಊರ ಹೊರಗೆ ಆಳದ ಗುಂಡಿ ತೋಡಿಸಿ ಹೂಳಿಸಿದರು. ಹೊಸ್ತಿಲಿನ ಕೆಮ್ಮಣ್ಣನ್ನೂ ಕೆರೆಸಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಮೇಡಂ ಕೈಗವಸು ಹಾಕಿಕೊಂಡಿದ್ದರು. "ಲ್ಯಾಬಿನಾಗ ಯಾರಿಗೂ ಹೇಳಬ್ಯಾಡ ಬೇ. ರೋಗ ಹತ್ತತದ ಅಂತ ಲೋಟ ಬ್ಯಾರೆ ಇಡ್ತಾರ," ಎಂದರು. ನಾನು ಹೇಳಲಿಲ್ಲ.

ಪಂಚಾಯ್ತಿಯವರು ಲ್ಯಾಬಿಗೆ ಬಂದು ಅವರ ಎದುರು ಕೂತರು. ಪಾಷಾಣದ ಊರು ಎಂದು ಹೆಸರು ಬಿದ್ದರೆ ಊರಿನ ಹುಡುಗಿಯರನ್ನು ಯಾರೂ ತಂದುಕೊಳ್ಳುವುದಿಲ್ಲ, ಲಗ್ನಗಳು ಮುರಿಯುತ್ತವೆ, ವರದಿ ಸ್ವಲ್ಪ ಮೆತ್ತಗೆ ಬರೆಯಿರಿ ಎಂದರು. ಮಾತು ಸುಳ್ಳಲ್ಲ. ಹಲ್ಲಿಗೆ ಅಂಜುವ ಮೇಡಂ ಅವತ್ತು ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ, ತಡವರಿಸುತ್ತ, "ಊರ ಹೆಸರು ನಾ ಯಾರ ಮುಂದೂ ಆಡಂಗಿಲ್ರೀ. ಅಂಕಿ ಮಾತ್ರ ಇದ್ದದ್ದ ಬರೀತೀನಿ," ಎಂದರು. ಕೊನೆಗೆ ಪಂಚಾಯ್ತಿಯವರೇ ಬೋರಿಂಗಿನ ಹಿಡಿಕೆ ಬಿಚ್ಚಿಸಿದರು, ಊರಿಗೆ ಬೇರೆ ಕಡೆಯಿಂದ ನೀರು ಬಂತು. ಮೇಡಂ ಕೊಟ್ಟ ಮಾತನ್ನು ನಾನೂ ನಡೆಸುತ್ತಿದ್ದೇನೆ.

ಶರಣಮ್ಮನನ್ನು ಹೆರಿಗೆಗೆ ಮೊದಲೇ ರಾಯಚೂರಿಗೆ ಕರೆತಂದೆ. ಆ ತಿಂಗಳುಗಳಲ್ಲಿ ಹೊಟ್ಟೆಯ ಕೂಸು ಅಲುಗಿದರೆ ಭಯ, ಅಲುಗದಿದ್ದರೆ ಇನ್ನೂ ಭಯ. ಮೇಡಂ ದಿನಾ ಕೇಳುತ್ತಿದ್ದುದು ಒಂದೇ, "ಹೆಂಗದಾಳ?" ಉತ್ತರ ಕೇಳುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೆಣ್ಣು ಕೂಸು ಹುಟ್ಟಿತು, ಸಣ್ಣದು, ಆದರೆ ದನಿ ಗಟ್ಟಿ. ತೊಟ್ಟಿಲಿಗೆ ಹಾಕುವ ದಿನ ಮೇಡಂ ಬಂದು ಕೂಸಿನ ಮುಷ್ಟಿ ಬಿಡಿಸಿ ನೋಡಿದರು. ಸುತ್ತ ಕೂತ ಹೆಂಗಸರು "ಏನ್ ಬರದದರೀ ಕೈಯಾಗ?" ಎಂದು ಕೇಳಿದರು.

"ಏನೂ ಇಲ್ಲ," ಎಂದರು ಮೇಡಂ. ಕಣ್ಣಲ್ಲಿ ನೀರಿತ್ತು. ಆಮೇಲೆ ಶರಣಮ್ಮನ ಅಂಗೈಯನ್ನೂ ನೋಡಿ, "ಈಗ ಏನೂ ಇಲ್ಲ," ಎಂದರು. ಆ 'ಈಗ' ಎಂಬ ಮಾತು ಮನೆಯಲ್ಲಿ ಯಾರ ಕಿವಿಗೂ ಬೀಳಲಿಲ್ಲ, ನನ್ನ ಕಿವಿಯಿಂದ ಹೋಗಲಿಲ್ಲ.

ಆ ಕೂಸು ಈಗ ಶಾಲೆಗೆ ಹೋಗುತ್ತದೆ. ಮೇಡಮ್ಮಿನ ಅಂಗೈಯ ಒಂದು ಗಂಟು ಹುಣ್ಣಾಗಿ, ಹುಣ್ಣು ಮಾಯದೆ, ರೋಗ ಮೈಯೊಳಗೆ ಇಳಿಯಿತು. ಕೊನೆಗೆ ನೋಡಲು ಹೋದಾಗ, "ಗೊತ್ತಿತ್ತು ಬೇ. ಗೊತ್ತಿದ್ರ ಅಂಜಿಕಿ ಕಡಿಮಿ ಆಗತದ ಅಂತಾರ, ಸುಳ್ಳು," ಎಂದಿದ್ದರು.

ತೀರಿಕೊಂಡ ದಿನ ಶರಣಮ್ಮ ಮೊದಲ ಬಸ್ಸಿಗೇ ಬಂದಳು. ಮೇಡಮ್ಮಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದ್ದರು. ಕೈಗವಸು ಇರಲಿಲ್ಲ. ಬಂಧುಗಳು ಆ ಕೈಗಳನ್ನು ಕಂಡು ಪಿಸುಗುಟ್ಟುತ್ತ ಹಿಂದೆ ಸರಿದು ನಿಂತಿದ್ದರು.

"ಎಡಗೈ ಬಿಚ್ಚರಿ ಯವ್ವಾ, ಲಿಂಗ ಇಡಬೇಕು," ಎಂದರು ಸ್ವಾಮಿಗಳು.

ಯಾರೂ ಮುಂದೆ ಬರಲಿಲ್ಲ. ಶರಣಮ್ಮ ಹೋಗಿ ಕೂತು, ಬಿಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆ ಅಂಗೈಯನ್ನು ತನ್ನ ಅಂಗೈಯ ಮೇಲೆ ಇಟ್ಟುಕೊಂಡಳು. ಲಿಂಗ ಇಡುವವರೆಗೆ ಹಾಗೆಯೇ ಹಿಡಿದಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಹಿತ್ತಲಿನ ನಳದಲ್ಲಿ ಇಬ್ಬರೂ ಕೈಕಾಲು ತೊಳೆದೆವು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿ ನನ್ನ ಮುಂದೆ ಚಾಚಿದಳು.

"ನೋಡು ಯಕ್ಕಾ. ಇನ್ನ ನೋಡೋರು ನೀ ಒಬ್ಬಾಕಿನ ಉಳದಿ."

ಬಿಸಿಲಿಗೆ ಹಿಡಿದು ನೋಡಿದೆ. ಬೆರಳುಗಳ ಬುಡದಲ್ಲಿ ಹತ್ತಿ ಬಿಡಿಸಿದ, ಕುಡುಗೋಲು ಹಿಡಿದ ಗಂಟುಗಳು. ಅವು ಮೊದಲಿನಿಂದಲೂ ಇದ್ದವು. ಬೆರಳಿನಿಂದ ಒತ್ತುತ್ತ ಕೆಳಗೆ ಬಂದೆ. ಅಂಗೈಯ ನಡುವಿನ ಗುಳಿಯಲ್ಲಿ, ಯಾವ ಹಿಡಿಕೆಯೂ ಮುಟ್ಟದ ಜಾಗದಲ್ಲಿ, ಜೋಳದ ಕಾಳಿನಷ್ಟು ಗಡಸಾದದ್ದೊಂದು ಬೆರಳಿಗೆ ತಾಗಿತು.

ಏನೂ ಇಲ್ಲ ಎನ್ನಲು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಸಂಜಿ ಬಸ್ಸಿಗಿ ಊರಿಗಿ ಹೋಗಬ್ಯಾಡ," ಎಂದೆ. "ನಾಳಿ ಮುಂಜಾನೆ ಇಬ್ಬರೂ ದವಾಖಾನಿಗಿ ಹೋಗೋಣು."